‘ಸಾರಿ’ ಎಂಬ ನನ್ನ ಪ್ರತಾಪ

ಭೂಮಿ ಇನ್ನೂ ಎರಡು ಹೋಳಾಗದೆ ಉಂಡೆಯಾಗಿ ಉಳಿದಿದೆಯಲ್ಲ, ಅದು ನನ್ನ ದಯೆ. ಎರಡು ಸಲ ಬಿರುಕು ಬಿಟ್ಟಿತ್ತು. ಎರಡು ಸಲವೂ ನಾನೇ ಹೋಗಿ ಬೆಸೆದು ಬಂದೆ. ನಂಬದಿದ್ದರೆ ಬಿಡಿ. ನಾನು ‘ಸಾರಿ’ ಎಂಬ ಇಂಗ್ಲಿಷ್ ಪದ.

ಹುಟ್ಟಿದ್ದು ಸಾವಿರ ವರ್ಷಕ್ಕೂ ಹಿಂದೆ, ಹಳೆಯ ಇಂಗ್ಲಿಷಿನ ಮನೆಯಲ್ಲಿ. ಹುಣ್ಣು, ನೋವು ಎಂಬ ಅರ್ಥದ ಪದವೇ ನನ್ನ ತಾಯಿಬೇರು. ದುಃಖ ಎಂಬ ಅರ್ಥದ ‘ಸಾರೋ’ ನನ್ನ ಅಕ್ಕನೆಂದು ಜನ ತಿಳಿದಿದ್ದಾರೆ. ಅವಳ ಮನೆತನವೇ ಬೇರೆ. ಪಕ್ಕದಲ್ಲಿ ಕೂತು ಕೂತು ಅವಳ ಮುಖಚಹರೆ ನನಗೂ ಬಂದಿದೆ, ಅಷ್ಟೆ. ಆಗೆಲ್ಲ ನನ್ನನ್ನು ನುಡಿದವನ ಒಳಗೆ ಏನೋ ನಿಜವಾಗಿಯೇ ನೋಯುತ್ತಿತ್ತು. ಬರಬರುತ್ತ ಕಾಲು ತುಳಿದವರು, ಬಾಗಿಲಲ್ಲಿ ಅಡ್ಡ ಬಂದವರು, ಮಾತು ಕೇಳಿಸದವರು, ಎಲ್ಲರೂ ನನ್ನನ್ನು ಎತ್ತಿಕೊಂಡರು. ಹಡಗು ಹತ್ತಿ ಈ ನಾಡಿಗೆ ಬಂದೆ. ಶಾಲೆ, ಕಚೇರಿ, ಬಸ್ಸು ದಾಟಿ ಅಡುಗೆಮನೆಗೂ ನುಗ್ಗಿದೆ. ಬಳಸಿ ಬಳಸಿ ಜಡ್ಡುಗಟ್ಟಿದೆ. ಈಗ ಯಾರು ಅಂದರೂ ನನಗೆ ಏನೂ ಅನ್ನಿಸುವುದಿಲ್ಲ.

ಸದ್ಯ ನನ್ನ ಬಿಡಾರ ಗದಗಿನಲ್ಲಿ ರೊಟ್ಟಿ ಮಾರುವ ಕಾಶವ್ವನ ಬಾಯಲ್ಲಿ. ರೊಟ್ಟಿ ಸೀದರೂ ಸಾರಿ, ಹಾಲು ಉಕ್ಕಿದರೂ ಸಾರಿ, ಸೊಳ್ಳೆ ಹೊಡೆದರೆ ಸೊಳ್ಳೆಗೂ ಸಾರಿ. ಅದೇ ಒಲೆಯ ಎದುರು ಕೂತು ರೊಟ್ಟಿ ಬಡಿಯುತ್ತಿದ್ದವಳು ಅವಳ ಗೆಳತಿ ನೀಲಗಂಗವ್ವ. ಈ ವರ್ಷ ಅವಳ ಬಲಗೈಗೆ ಜೋಮು ಹಿಡಿಯತೊಡಗಿತು. ರೊಟ್ಟಿಯ ಅಂಚು ಹರಿಯುತ್ತಿತ್ತು.

ಒಂದು ದಿನ ಖಾನಾವಳಿಯ ವೀರಭದ್ರಪ್ಪ ರೊಟ್ಟಿ ಒಯ್ಯಲು ಬಂದ. ನಾಲ್ಕು ಮಂದಿಯ ಮುಂದೆ ಕಾಶವ್ವ ಗೆಳತಿಯ ರೊಟ್ಟಿಗಳನ್ನು ಪಕ್ಕಕ್ಕೆ ಸರಿಸಿದಳು.

“ಅವು ಬ್ಯಾಡ್ರಿ ಅಣ್ಣಾರ. ಅಕಿ ಕೈ ಸತ್ತೈತಿ. ಇವು ನನ್ನವು, ಇವನ್ನ ಒಯ್ರಿ.”

ನೀಲಗಂಗವ್ವನ ರೊಟ್ಟಿ ಬಡಿತ ನಿಂತಿತು. ಹಂಚಿನಿಂದ ತಲೆ ಎತ್ತದೆಯೇ ಕಾಶವ್ವ “ಸಾರಿ ಬೇ” ಅಂದಳು. ನಾನು ಹೋಗಿ ನೀಲಗಂಗವ್ವನ ಕಿವಿಗೆ ಬಿದ್ದೆ. ಅವಳು ಕೈಯ ಹಿಟ್ಟು ಕೊಡವಿ ಎದ್ದು ಹೋದಳು.

ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಅವಳಿಗೆ ಬೇರೆ ದುಡಿಮೆಯಿಲ್ಲ. ಕಾಶವ್ವನಿಗೆ ಬೇರೆ ಗೆಳತಿಯಿಲ್ಲ. ಕಾಶವ್ವ ನನ್ನನ್ನು ಫೋನಿನಲ್ಲಿ ಕಳಿಸಿದಳು, ನೆರೆಯವರ ಕೈಲಿ ಹೇಳಿ ಕಳಿಸಿದಳು, ಬೀದಿಯ ಆಚೆಯಿಂದ ಕೂಗಿಯೂ ಕಳಿಸಿದಳು. ಹೋದೆ, ಬಂದೆ. ಏನೂ ಅನ್ನಿಸಲಿಲ್ಲ.

ಕೊನೆಗೆ ತಾನೇ ಅವಳ ಮನೆಗೆ ಹೋದಳು. ನೀಲಗಂಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬೆರಳ ಮೇಲೆ ದೊಡ್ಡ ಬೊಬ್ಬೆ.

“ಯಾವಾಗ ಸುಟ್ಕೊಂಡಿ?”

“ಗೊತ್ತಾಗ್ಲಿಲ್ಲ.”

ಕಾಶವ್ವ ಆ ಕೈ ಹಿಡಿಯಲು ಬಾಗಿದಳು, ನೀಲಗಂಗವ್ವ ಮೊರ ಎತ್ತಲು ಬಾಗಿದಳು. ಎರಡು ತಲೆ ಠಣ್ಣೆಂದು ಬಡಿದವು. “ಸಾ...” ನಾನು ಅರ್ಧ ಹೊರಗೆ ಬಂದಿದ್ದೆ.

“ಬಾಯಿ ಮುಚ್ಚ!” ಅಂದಳು ನೀಲಗಂಗವ್ವ. “ಇನ್ನೊಂದು ಸಲ ಡಿಕ್ಕಿ ಹೊಡಿ. ಇಲ್ಲಂದ್ರ ಕೊಂಬು ಮೂಡ್ತಾವ.”

ಒಂದೇ ಸಲ ತಲೆ ತಾಗಿದರೆ ಕೊಂಬು ಬರುತ್ತದೆಂದು ಇಲ್ಲಿ ಕೂಸಿಗೂ ಗೊತ್ತು. ಕಾಶವ್ವ ಮೆಲ್ಲಗೆ ಹಣೆ ತಾಗಿಸಿದಳು. ತಾಗಿಸಿದವಳು ತೆಗೆಯಲಿಲ್ಲ.

“ಮಂದಿ ಮುಂದ ಅಂದಿ ನೀ.”

“ಹೌದವಾ. ಮಂದಿ ಮುಂದ ಅಂದೆ. ಅನಬಾರದಿತ್ತು.” ಬೊಬ್ಬೆ ಎದ್ದ ಕೈ ಹಿಡಿದು ಮತ್ತೆ ಅಂದಳು, “ರೊಟ್ಟಿ ನಾ ಬಡಿತೀನಿ. ನೀ ಮುಂದ ಕೂತು ಗಿರಾಕಿ ನೋಡು. ನಾಲಿಗಿಗೇನ ಜೋಮು ಹಿಡದಿಲ್ಲಲ್ಲ?”

ನೋಡಿದಿರಾ ನನ್ನ ಪ್ರತಾಪ! ಮುರಿದ ಗೆಳೆತನವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಕೂಡಿಸಿಬಿಟ್ಟೆ. ಹೀಗೆ ನಾನು ಉಬ್ಬುತ್ತಿರುವಾಗ, ಮರುದಿನ ಮುಂದೆ ಕೂತು ಗಿರಾಕಿ ನೋಡುತ್ತಿದ್ದವಳನ್ನು ವೀರಭದ್ರಪ್ಪ ಬಂದು ಕೇಳಿದ: “ಏನಬೇ ನೀಲಗಂಗವ್ವ, ಕಡೀಕ ಸಾರಿ ಕೇಳಿದ್ಲೇನು ಕಾಶವ್ವ?”

“ಎಲ್ಲಿ ಕೇಳ್ಯಾಳ್ರಿ? ಅಕಿ ಸಾರಿ ಸಾರಿ ಅಂತಿದ್ದಾಗ ನಾ ಬರಲೇ ಇಲ್ಲ. ಅದನ್ನ ಅನ್ನೂದು ಬಿಟ್ಟ ಮ್ಯಾಲೆ ಬಂದೆ.”

ಸಿಕ್ಕಿಬಿದ್ದೆ. ಸರಿ, ನಿಜ ಹೇಳುತ್ತೇನೆ. ಆ ದಿನ ನಾನು ಏನೂ ಮಾಡಲಿಲ್ಲ. ಕಾಶವ್ವನ ಒಳಗೆ ಏನೋ ನಿಜವಾಗಿಯೇ ನೋಯುತ್ತಿತ್ತು. ಅಲ್ಲೇ ಒಳಗೆ ಕೂತಿದ್ದರೂ ನನಗದು ತಾಗಲಿಲ್ಲ. ಪೂರ್ತಿ ಹೊರಗೆ ಬಂದಿದ್ದರೆ ನೀಲಗಂಗವ್ವ ಮೊರ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅದು ಗೊತ್ತಿದ್ದೂ ಬಾಯಿ ತೆರೆದೊಡನೆ ನುಗ್ಗಿದ್ದೆ, ರೂಢಿ.