ಚಪ್ಪರಕ್ಕೆ ಎರಡು ಗಂಟು

ಹಿಂದಿನ ಲಾರಿ ಮೂರನೆಯ ಸಲ ಹಾರ್ನ್ ಹೊಡೆದಾಗ ಹಳೇ ಡ್ರೈವರಿಗೆ ತಡೆಯಲಾಗಲಿಲ್ಲ.

"ದಾರಿ ಬಿಡೇ ಸಿಸ್ಟರ್, ಅವನಿಗೇನೋ ಅರ್ಜೆಂಟು."

"ಇಡೀ ರಸ್ತೆ ಖಾಲಿ ಬಿದ್ದಿದೆ, ಹೋಗೋನು ಹೋಗ್ಲಿ," ಎಂದಳು ಸ್ಟಿಯರಿಂಗ್ ಹಿಡಿದಿದ್ದ ಹೆಂಡತಿ. "ನೀವು ಸುಮ್ನೆ ಕಾಲು ಒತ್ತಬೇಡಿ. ಅಲ್ಲಿ ಬ್ರೇಕ್ ಇಲ್ಲ."

ಅದು ನಿಜವೇ. ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಒತ್ತಿ ಒತ್ತಿ, ಮೂರೇ ದಿನದಲ್ಲಿ ಅವನು ಕಾಲಡಿಯ ಮ್ಯಾಟಿನಲ್ಲಿ ಗುಳಿ ಬೀಳಿಸಿದ್ದ. ಮೂವತ್ತಾರು ವರ್ಷ ಲಾರಿ ಓಡಿಸಿದ ಆಸಾಮಿ. ಹೋದ ವರ್ಷ ಒಂದು ಬೆಳಿಗ್ಗೆ ಅವನು ಎದ್ದ, ಬಲಗೈ ಏಳಲಿಲ್ಲ. ಆಮೇಲೆ ಕೈಯೇನೋ ಬಂತು, ಕೊನೆಯ ಮೂರು ಬೆರಳು ಮಾತ್ರ ಬರಲಿಲ್ಲ. ಸೂಜಿ ಚುಚ್ಚಿದರೂ ಅವುಗಳಿಂದ ಸುದ್ದಿಯಿಲ್ಲ. ಡಾಕ್ಟರು ಸ್ಟಿಯರಿಂಗ್ ಕಿತ್ತುಕೊಂಡರು. ಆಗ ಹೆಂಡತಿ, ಮುರಿದ ಮೂಳೆಗಳ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸಾಗಿ ದುಡಿದು ಇವನ ಬಾಯಲ್ಲೂ 'ಸಿಸ್ಟರ್' ಆದವಳು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಗಾಡಿ ಕಲಿತಳು. ಕಲಿಸಿದವನು ಇವನೇ. ಅವಳು ಗಾಡಿ ಕಲಿಯುವಷ್ಟರಲ್ಲಿ ಬೀದಿಯ ಮಕ್ಕಳೆಲ್ಲ ಬೈಗುಳ ಕಲಿತವು.

ಹೊರಟದ್ದು ಸಮುದ್ರ ನೋಡಲು. ಬಂದರಿಗೆ ಸರಕು ಹೊತ್ತು ಹೋಗಿ ಅವನು ಅದನ್ನು ನೂರು ಸಲ ನೋಡಿದ್ದ. ಅವಳು ಒಂದು ಸಲವೂ ನೋಡಿರಲಿಲ್ಲ. ರಜೆ ಸಿಕ್ಕಾಗ ಇವನಿರಲಿಲ್ಲ, ಇವನಿದ್ದಾಗ ಅವಳಿಗೆ ಡ್ಯೂಟಿ. ಹಾಗಾಗಿ ಕಾರಿನ ಹಿಂದೆ ಎಳೆದುಕೊಂಡು ಹೋಗುವ, ಹಾಸಿಗೆ ಒಲೆ ಎಲ್ಲ ಇರುವ ಒಂದು ಹಳೆಯ ಟ್ರೇಲರ್ ಕೊಂಡಿದ್ದರು. ಅದರ ಮಗ್ಗುಲಿಗೆ ಪಟ್ಟೆಪಟ್ಟೆ ಬಟ್ಟೆಯ ಚಪ್ಪರ. ನಿಂತಲ್ಲಿ ಬಿಚ್ಚಿ ನೆರಳು ಮಾಡಿಕೊಳ್ಳಬೇಕು, ಹೊರಡುವಾಗ ಸುರುಳಿ ಸುತ್ತಿ ಭದ್ರ ಮಾಡಬೇಕು. ಭದ್ರ ಮಾಡುವ ಕೊಕ್ಕೆ ಕೊಳ್ಳುವಾಗಲೇ ಮುರಿದಿತ್ತು.

"ಕೊಕ್ಕೆ ಯಾಕೆ, ನಾನಿಲ್ವಾ? ಹಗ್ಗ ಕೊಡು," ಎಂದಿದ್ದ ಇವನು.

ಮಗಳು ಬಿಡಲಿಲ್ಲ. "ಅಪ್ಪಾ, ನಿನ್ನ ಕೈಯಲ್ಲಿ ಲೋಟ ನಿಲ್ಲಲ್ಲ. ಅದು ಬಿಚ್ಕೊಂಡ್ರೆ ಹಿಂದೆ ಬರೋ ಬೈಕಿನವನ ಗತಿ ಏನು?"

ಅವನು ಮೇಜಿಗೆ ಎಡಗೈ ಕುಟ್ಟಿದ್ದ. "ನನ್ನ ಗಂಟು ದಾರೀಲಿ ಬಿಚ್ಚಿದ್ರೆ ನಿಂತ ಜಾಗದಿಂದಲೇ ಗಾಡಿ ವಾಪಸ್. ಟ್ರೇಲರ್ ಮಾರಿ ಮೂಲೇಲಿ ಕೂತ್ಕೋತೀನಿ. ಸಾಕಾ?"

ಹೆಂಡತಿ, ಕುಟ್ಟಿದ್ದಕ್ಕೆ ಚೆಲ್ಲಿದ ನೀರು ಒರೆಸಿದ್ದಳು.

ಈಗ ಲಾರಿ ಪಕ್ಕಕ್ಕೇ ಬಂತು. ಅದರ ಡ್ರೈವರು ಕಿಟಕಿಯಿಂದ ಕೈ ಚಾಚಿ ಹಿಂದಕ್ಕೆ, ಹಿಂದಕ್ಕೆ ಎಂದು ತೋರಿಸಿದ. ಅವಳು ನಿಧಾನಿಸಿ ಕಾರನ್ನು ಅಂಚಿಗೆ ತಂದು ನಿಲ್ಲಿಸಿದಳು. ಲಾರಿಯೂ ಮುಂದೆ ಹೋಗಿ ನಿಂತಿತು.

"ನೀವು ಕೂತಿರಿ, ನಾನು ನೋಡ್ತೀನಿ," ಎಂದಳು, ಸ್ವಲ್ಪ ಅವಸರವಾಗಿಯೇ.

ಅವನು ಆಗಲೇ ಇಳಿದಿದ್ದ.

ಹಗ್ಗ ನೇತಾಡುತ್ತಿತ್ತು. ತುದಿ ಡಾಂಬರಿಗೆ ಉಜ್ಜಿ ಪೊರಕೆಯಂತೆ ಕೆದರಿತ್ತು. ಗಂಟಿದ್ದ ಜಾಗದಲ್ಲಿ ಗಂಟಿರಲಿಲ್ಲ. ಬೆಳಿಗ್ಗೆ ಮೈಭಾರ ಹಾಕಿ ಜಗ್ಗಿ, ಉಗುರಿನಿಂದ ಮೀಟಿ, ಟಂಗ್ ಅನ್ನಿಸಿಕೊಂಡೇ ಬಿಟ್ಟಿದ್ದ. ಇವನು ಕಟ್ಟಿದ ಲೋಡು ದಾರಿಯುದ್ದಕ್ಕೂ ನಿದ್ದೆ ಮಾಡುತ್ತದೆ ಎನ್ನುತ್ತಿದ್ದರು ಲಾರಿ ನಿಲ್ದಾಣದಲ್ಲಿ. ಆದರೆ ಕೊನೆಯ ಸುತ್ತನ್ನು ಒತ್ತಿ ಕೂರಿಸಬೇಕಾದದ್ದು ಆ ಮೂರು ಬೆರಳು.

ಅವನು ತಲೆಯೆತ್ತಿ ನೋಡಿದ. ಚಪ್ಪರ ಒಂದು ಅಂಗುಲವೂ ಬಿಚ್ಚಿರಲಿಲ್ಲ.

ಸುರುಳಿಯ ಮಡಿಕೆಯೊಳಗೆ, ಚಪ್ಪರವನ್ನು ಹಿಡಿದ ಕಬ್ಬಿಣದ ತೋಳಿನ ಹಿಂದೆ, ಹೊಸೆದ ಬಟ್ಟೆಯೊಂದು ನಾಲ್ಕು ಸುತ್ತು ಸುತ್ತಿಕೊಂಡಿತ್ತು. ಮಾಸಲು ಬಿಳಿ. ಚಪ್ಪಟೆ ಗಂಟು, ತುದಿಗಳನ್ನು ನೀಟಾಗಿ ಒಳಗೆ ಸಿಕ್ಕಿಸಿದೆ. ಗಂಟಿನ ಪಕ್ಕ ಔಷಧಿಯ ಕಂದು ಕಲೆ. ಆ ಕಲೆ ಅವನಿಗೆ ಗೊತ್ತು. ಎರಡು ತಿಂಗಳು ಆ ಬಟ್ಟೆ ಅವನ ಕೊರಳಿಗೆ ನೇತು ಬಿದ್ದು, ಸತ್ತ ಕೈಯನ್ನು ತೊಟ್ಟಿಲಂತೆ ಹೊತ್ತಿತ್ತು. ದಿನಾ ಬೆಳಿಗ್ಗೆ ಕತ್ತಿನ ಹಿಂದೆ ಅವಳು ಗಂಟು ಹಾಕಿ, "ಚುಚ್ಚುತ್ತಾ?" ಎಂದು ಕೇಳುತ್ತಿದ್ದಳು. ಒಂದು ದಿನವೂ ಚುಚ್ಚಿರಲಿಲ್ಲ.

ಲಾರಿಯವನು ಲುಂಗಿ ಎತ್ತಿ ಕಟ್ಟುತ್ತಾ ಬಂದ. "ಯಜಮಾನ್ರೇ, ನಿಮ್ಮ ಹಗ್ಗ ಹಾವಿನ ಥರ ಆಡ್ತಿತ್ತು ನೋಡಿ. ಹೆದ್ರಿಕೇನೇ ಆಯ್ತು." ಬಟ್ಟೆಯ ಗಂಟನ್ನು ಎರಡು ಸಲ ಜಗ್ಗಿ ನೋಡಿದ. "ಈ ಗಂಟೊಂದು ಇಲ್ದೇ ಹೋಗಿದ್ರೆ ಚಪ್ಪರ ನನ್ನ ಗ್ಲಾಸಿಗೇ ಬಂದು ಬಡೀತಿತ್ತು. ಭಾರಿ ಕೈ. ನೀವೂ ನಮ್ಮ ಲೈನಿನವರೇ ಇರಬೇಕು?"

ತಲೆಯಾಡಿಸಿದ್ದರೆ ಮುಗಿದಿತ್ತು. ಹೆಂಡತಿ ಕಾರಿನ ಬಾಗಿಲ ಬಳಿ ನಿಂತು, ಎದುರಿನ ಬೋಳು ಬಯಲಲ್ಲಿ ಯಾರೋ ನಾಟಕ ಆಡುತ್ತಿದ್ದಾರೆ ಎಂಬಂತೆ ಅತ್ತಲೇ ನೋಡುತ್ತಿದ್ದಳು.

"ನಿಮ್ಮ ಲೈನೇ. ಮೂವತ್ತಾರು ವರ್ಷ," ಎಂದ. ಹಗ್ಗದ ತುದಿ ಎತ್ತಿ ಹಿಡಿದ. "ಇಲ್ಲಿ ನೇತಾಡ್ತಿದೆಯಲ್ಲ, ಇದು ನಂದು. ಮೇಲಿರೋದು ಅವಳದ್ದು."

ಲಾರಿಯವನು ಹಗ್ಗ ನೋಡಿದ, ಅವಳನ್ನು ನೋಡಿದ. "ಅಮ್ಮಾವ್ರು ಯಾವ ಲೈನು?"

"ಮೂಳೆ ವಾರ್ಡು," ಎಂದಳು ಅವಳು, ಬಯಲಿನಿಂದ ಕಣ್ಣು ತೆಗೆಯದೆ.

ಲಾರಿಯವನು ಗಹಗಹಿಸಿ ನಕ್ಕು ಲಾರಿ ಹತ್ತಿದ. ಲಾರಿಯ ಸದ್ದು ಅಡಗಿದ ಮೇಲೆ ಇವನು ಬಟ್ಟೆಯ ಗಂಟಿನತ್ತ ಗದ್ದ ಎತ್ತಿದ.

"ಯಾವಾಗಿಂದ?"

"ಮೊದಲ್ನೇ ದಿನದಿಂದ. ದಿನಾ ಹಗ್ಗ ಕಟ್ಟಿ ಟೈರ್ ಒದ್ದು ನೋಡೋಕೆ ಹೋಗ್ತಿದ್ರಲ್ಲ, ಆಗ. ಸಂಜೆ ನಿಮಗಿಂತ ಮುಂಚೆ ಇಳಿದು ಬಿಚ್ಚಿಡ್ತಿದ್ದೆ."

"ಹೇಳೋಕೇನಾಗಿತ್ತು?"

"ಹೇಳಿದ್ರೆ ಊಟ ಬಿಡ್ತಿದ್ರಿ."

"ನಾನೇನು ಪೇಷಂಟಾ?" ಅವನ ದನಿ ಏರಿತು.

"ಡಿಸ್ಚಾರ್ಜ್ ಮಾಡಿ ವರ್ಷ ಆಯ್ತು. ನೀವೇ ವಾರ್ಡ್ ಬಿಟ್ಟು ಹೋಗ್ತಾ ಇಲ್ಲ."

ಅವನು ಕೆದರಿದ ತುದಿಯನ್ನು ಎಡಗೈಗೆ ಸುತ್ತಿಕೊಂಡ. ನಗು ಬಂದಿತ್ತು, ನಗಲಿಲ್ಲ. "ಸರಿ. ಮಗಳ ಮುಂದೆ ಆಡಿದ ಮಾತು. ಗಾಡಿ ತಿರುಗಿಸು."

ಅವಳು ಗಾಳಿಗೆ ಹಾರಿದ ಕೂದಲನ್ನು ಕಿವಿಯ ಹಿಂದೆ ಸೇರಿಸಿಕೊಂಡಳು. ಸಮುದ್ರ ಇನ್ನು ಎರಡೇ ಗಂಟೆಯ ದಾರಿ. ಗಾಳಿಯಲ್ಲಿ ಆಗಲೇ ಒಂದು ಅಂಟು ಇತ್ತು. ಅದೇನೆಂದು ಅವನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

"ಟ್ರೇಲರ್ ಕಟ್ಕೊಂಡು ತಿರುಗಿಸೋದು ನೀವು ಹೇಳಿಕೊಟ್ಟಿಲ್ಲ," ಎಂದಳು ಕೊನೆಗೆ. "ಹೇಳಿ, ತಿರುಗಿಸ್ತೀನಿ."

ಅವನು ರಸ್ತೆಯನ್ನು ಈ ಅಂಚಿನಿಂದ ಆ ಅಂಚಿಗೆ ಕಣ್ಣಲ್ಲೇ ಅಳೆದ. ಹತ್ತು ಚಕ್ರದ ಲಾರಿಯನ್ನು ಅರೆನಿದ್ದೆಯಲ್ಲೂ ಮೂರೇ ಏಟಿಗೆ ತಿರುಗಿಸಬಹುದಾದ ರಸ್ತೆ.

"ಇಲ್ಲಿ ಆಗಲ್ಲ," ಎಂದ. "ರಸ್ತೆ ಸಣ್ಣದು."

ಅವಳು ಕೂಡ ರಸ್ತೆಯನ್ನು ನೋಡಿದಳು. "ಡ್ರೈವರ್ ಸಾಹೇಬ್ರು ಹೇಳಿದ್ಮೇಲೆ ಮುಗೀತು," ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಆ ಹಗ್ಗ ಇಲ್ಲಿ ಕೊಡಿ."

"ಜಗ್ಗೋದು ನಾನು. ನಿಂಗೆ ಭಾರ ಸಾಲಲ್ಲ."

"ಜಗ್ಗಿ, ಯಾರು ಬೇಡ ಅಂದ್ರು?"

ಅವನು ಹಗ್ಗವನ್ನು ಚಪ್ಪರದ ಕಬ್ಬಿಣದ ತೋಳಿನ ಸುತ್ತ ಹಾಯಿಸಿ, ಎಡಗೈಗೆ ಸುತ್ತಿಕೊಂಡು, ಮೈಭಾರ ಬಿಟ್ಟು ಜಗ್ಗಿ ಹಿಡಿದ. ಅವಳು ಎರಡು ತುದಿಗಳನ್ನು ಒಂದರ ಮೇಲೊಂದು ದಾಟಿಸಿದಳು.

"ಬೆರಳಿಡಿ ಇಲ್ಲಿ. ಜಾರುತ್ತೆ."

ಅವನು ಬಲಗೈಯ ಉಂಗುರದ ಬೆರಳನ್ನು ಇಟ್ಟ. ಅವಳು ಅದರ ಮೇಲೆಯೇ ಗಂಟು ಎಳೆದಳು.

"ಬಿಗೀನಾ?"

"ನಂಗೆ ಗೊತ್ತಾಗಲ್ಲ ಕಣೇ," ಎಂದ ಅವನು. ಇಡೀ ವರ್ಷದಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. "ನೀನೇ ನೋಡು."

ಕಟ್ಟು ಹಾಕಿದ ಮೇಲೆ ರಕ್ತ ಓಡುತ್ತಿದೆಯೇ ಎಂದು ವಾರ್ಡಿನಲ್ಲಿ ನೋಡುತ್ತಿದ್ದ ಹಾಗೆ, ಸಿಕ್ಕಿಕೊಂಡ ಬೆರಳಿನ ಉಗುರನ್ನು ಅವಳು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಉಗುರು ಬೆಳ್ಳಗಾಯಿತು. ಗಾಳಿ ಬೀಸಿತು, ಚಪ್ಪರ ಅಲುಗಲಿಲ್ಲ. ಇಬ್ಬರೂ ತಲೆ ಬಗ್ಗಿಸಿಕೊಂಡು, ಉಗುರಿಗೆ ಕೆಂಪು ತಿರುಗಿ ಬರುವುದನ್ನು ನೋಡುತ್ತಾ ನಿಂತರು.