ಚೆಸ್ ಬೋರ್ಡಿನ ಮುಂದೆ ಧರಣಿ

ಗೋಣಿಬೀಡಿನ ಚೆಸ್ ತಂಡಕ್ಕೆ ಐದನೆಯವರು ಬೇಕಾಗಿತ್ತು. ಕಂಪ್ಯೂಟರಿನೆದುರು ಸೋಲದೆ ಉಳಿದವರಿಗೆ ಆ ಜಾಗ ಎಂದು ಕಾರ್ಯದರ್ಶಿ ಶಶಿಧರಗೌಡರು ಊರೆಲ್ಲ ಸಾರಿದ್ದರು. ಗಂಡಸರೆಲ್ಲ ನುಗ್ಗಿ ನುಗ್ಗಿ ಹೊಡೆದು, ಲೋಟದ ಕಾಫಿ ಆರುವಷ್ಟರಲ್ಲಿ ಸೋತು ಎದ್ದಿದ್ದರು. ಕೊನೆಗೆ ಬಂದು ಕೂತವಳು ಹೊಲಿಗೆ ಕಲಿಸುವ ಫರ್ಹತ್. ತಂಡಕ್ಕೆ ಸೇರಿಸಿಕೊಳ್ಳಿ ಎಂದಾಗಲೆಲ್ಲ ಗೌಡರೂ ತಂಡದವರೂ "ನೋಡೋಣಮ್ಮ" ಎಂದು ಅವಳನ್ನು ತಳ್ಳಿಹಾಕುತ್ತಲೇ ಬಂದಿದ್ದರು. ಹೆಂಗಸರಿಗೆ ಜಾಗ ಇಲ್ಲ ಎಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲದ ಜನ!

"ಡ್ರಾ ಆಸೆ ಬಿಡು. ಈ ಕಂಪ್ಯೂಟರಿಗೆ ಗೆಲ್ಲೋಕೇ ನೋಡು, ಡ್ರಾ ಒಪ್ಪಬೇಡ ಅಂತ ನಾನೇ ಸೆಟ್ ಮಾಡಿಟ್ಟಿದೀನಿ," ಗೌಡರು ಮೀಸೆ ತಿರುವಿದರು.

"ಹೌದಾ ಗೌಡ್ರೇ?" ಫರ್ಹತ್ ಕಣ್ಣು ಮಿನುಗಿತು. ಇದಕ್ಕೂ ತಾಳ್ಮೆ ಇಲ್ಲವೆಂದಾಯಿತು, ಥೇಟ್ ಆ ಎಸ್ಟೇಟ್ ಮ್ಯಾನೇಜರನ ಹಾಗೆ.

ಹೋದ ವರ್ಷ ಫರ್ಹತ್ ಮತ್ತು ಎಸ್ಟೇಟಿನ ಆಳುಗಳು ಕೂಲಿಲೈನಿನ ಮನೆಗಳಿಗೆ ಕುಡಿಯುವ ನೀರು ಕೇಳಿ ಎಸ್ಟೇಟ್ ಗೇಟಿಗೆ ಅಡ್ಡ ಕೂತಿದ್ದರು. ಮ್ಯಾನೇಜರ್ ಬೈದ, ಹಾರ್ನ್ ಹೊಡೆಸಿದ, ಒಬ್ಬರಾದರೂ ಕಲ್ಲೆತ್ತಲಿ ಎಂದು ಕಾದ. ಇವರು ಅಲ್ಲೇ ಬೇಯಿಸಿ ಉಂಡರು, ಹಾಡಿದರು. ರೇಗಿದ ಅವನು ಪಕ್ಕದಿಂದ ಲಾರಿ ನುಗ್ಗಿಸಹೋಗಿ ಚರಂಡಿಗೆ ಇಳಿಸಿದ. ತಳ್ಳಲು ಇವರನ್ನೇ ಕರೆಯಬೇಕಾಯಿತು. ನಲ್ಲಿ ಬಂದ ಮೇಲೇ ತಳ್ಳಿದರು.

ಫರ್ಹತ್ ತನ್ನ ಕಾಲಾಳುಗಳನ್ನು ಎದುರಾಳಿಯ ಕಾಲಾಳುಗಳಿಗೆ ಮುಖ ಕೊಟ್ಟು ನಿಲ್ಲಿಸಿದಳು. ಬೇಲಿ ಬಿತ್ತು, ಅತ್ತಲಿಂದ ಇತ್ತ ನುಸುಳಲು ದಾರಿಯಿಲ್ಲ. ಆಮೇಲೆ ರಾಜನನ್ನು ಆ ಮನೆಗೊಮ್ಮೆ, ಈ ಮನೆಗೊಮ್ಮೆ ಸರಿಸುತ್ತ ಕೂತಳು.

"ಏನಮ್ಮ, ರಾಜನ್ನ ವಾಕಿಂಗ್ ಕರ್ಕೊಂಡು ಹೊರಟ್ಯಾ?"

"ಧರಣಿ ಕೂತಿದಾಳೆ ಗೌಡ್ರೇ, ಸುಮ್ನಿರಿ," ಎಂದಳು ಎಸ್ಟೇಟಿನ ಆಳು ದ್ಯಾವಮ್ಮ. ಧರಣಿಯಲ್ಲಿ ಫರ್ಹತ್ ಪಕ್ಕ ಕೂತವಳು, ಇಲ್ಲಿಯೂ ಹಲಸಿನ ಬೀಜ ಸುಲಿಯುತ್ತ ಪಕ್ಕದಲ್ಲೇ ಇದ್ದಳು.

ನಡುವೆ ಒಂದು ಕುದುರೆ ಹಾರಿಸಿ ಹೊಡೆಯೋಣ ಎಂದು ಫರ್ಹತ್ ಬೆರಳು ತುರಿಸಿತು. ಗಂಡಸರೆಲ್ಲ ಬಿದ್ದ ಗುಂಡಿ ಅದೇ. ಕೈಯನ್ನು ತೊಡೆಯಡಿ ಒತ್ತಿಕೊಂಡಳು. ಮತ್ತೆ ರಾಜ ಆ ಮನೆಗೆ, ಈ ಮನೆಗೆ.

ಯಾರೂ ಕಾಯಿ ಹೊಡೆಯದೆ, ಕಾಲಾಳು ಕದಲದೆ ಐವತ್ತು ನಡೆ ಮುಗಿಯುತ್ತ ಬಂತು. ಇನ್ನೇನು ಆಟ ಡ್ರಾ ಆಗಬೇಕು, ಕಂಪ್ಯೂಟರ್ ತಡೆಯಲಾರದೆ ಒಂದು ಬಡ ಕಾಲಾಳಿಗೆ ತನ್ನ ಕುದುರೆಯನ್ನೇ ಕೊಟ್ಟು ಬೇಲಿ ಮುರಿಯಿತು.

"ಅಯ್ಯೋ! ಕುದುರೆ ಯಾಕೆ ಕೊಡ್ತು ಮಾರಾಯ?" ಎಂದರು ಗೌಡರು.

"ಲಾರಿ ಚರಂಡಿಗಿಳೀತು!" ದ್ಯಾವಮ್ಮ ಕೂಗಿದಳು.

ಈಗ ಫರ್ಹತ್ ಧರಣಿ ಬಿಟ್ಟು ಹೊರಟಳು, ಮುರಿದ ಬೇಲಿಯಲ್ಲಿ ಕಾಲಾಳುಗಳನ್ನು ನುಗ್ಗಿಸುತ್ತ. ಡ್ರಾ ಸಾಕಿತ್ತು, ಗೆಲುವೇ ಬಂತು. ಸೋತು ಎದ್ದವರೇ ಮೇಜು ಬಡಿದು ಕುಣಿದರು.

ಗೌಡರು ಪೆಚ್ಚುಪೆಚ್ಚಾಗಿ ನಕ್ಕರು. "ಭಾನುವಾರ ಮೂಡಿಗೆರೇಲಿ ಮ್ಯಾಚು. ಬೆಳಿಗ್ಗೆ ಜೀಪು ಬರುತ್ತೆ, ರೆಡಿಯಾಗಿರಮ್ಮ."

"ನಾನೂ ಬರ್ತೀನಿ," ಎಂದಳು ದ್ಯಾವಮ್ಮ, "ಓಡ್ಸೋದು ನೀವೇ ಅಲ್ವಾ? ತಳ್ಳಕ್ಕೆ ಜನ ಬೇಕು."