ಕಡ ಕೊಟ್ಟ ಮಕ್ಕಳು

“ಜಮಖಾನಿ ಬೇಕಾದ್ರ ಒಯ್ರಿ ಶಂಕ್ರಪ್ಪಾರ. ಮಕ್ಕಳನ್ನ ಹೆಂಗ ಕಡಾ ಕೊಡ್ಲಿ?”

ಸುಶೀಲವ್ವ ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಊರವರು ಅವಳ ಸರಕಾರಿ ಶಾಲೆಯಿಂದ ಕುರ್ಚಿ ಒಯ್ದಿದ್ದರು, ಗಂಟೆ ಒಯ್ದಿದ್ದರು, ಮದುವೆಗೆಂದು ಕೋಣೆಯನ್ನೇ ಕೇಳಿದ್ದರು. ಮಕ್ಕಳನ್ನು ಕೇಳಿದವನು ಮಾತ್ರ ಹತ್ತಿ ವ್ಯಾಪಾರದ ಈ ಪುಣ್ಯಾತ್ಮನೇ ಮೊದಲು.

“ಒಂದ ದಿನದ ಮಾತ್ರೀ ಅಕ್ಕಾರ. ನಾಳೆ ನವಲಗುಂದದಿಂದ ಸಾಲಿ ನೋಡಾಕ ಸಾಹೇಬ್ರು ಬರ್ತಾರ. ಮಕ್ಕಳು ಕಂಡ್ರ ನಮ್ಮ ಸಂಸ್ಥಾದ ಸಾಲಿಗೆ ಮಾನ್ಯತಾ. ಏಳನೇ ಇಯತ್ತಾ ಮಟಾ ಊರಾಗ ಆಕ್ಕೈತಿ, ನೋಡ್ರಿ.”

ಅವಳು ಸೋತದ್ದು ಅಲ್ಲೇ. ಅವಳ ಶಾಲೆ ನಾಲ್ಕನೆಯ ಇಯತ್ತೆಗೇ ಮುಗಿಯುತ್ತಿತ್ತು. ಐದಕ್ಕೆ ಬಸ್ಸು ಹತ್ತಬೇಕು. ಹೆಣ್ಣುಮಕ್ಕಳನ್ನು ಯಾರು ಹತ್ತಿಸುತ್ತಾರೆ? ವರ್ಷಾ ವರ್ಷಾ ಓದಲು ಕಲಿಸುವುದು, ಅವರು ಕುರ್ಪಿ ಹಿಡಿದು ಕಳೆ ತೆಗೆಯಲು ಹೋಗುವುದನ್ನು ನೋಡುವುದು. ಸಾಕಾಗಿ ಹೋಗಿತ್ತು. ಈ ವರ್ಷ ಆಡು ಕಾಯುವ ಮೈಲಾರವ್ವನ ಮಗಳು ಹನಮವ್ವನ ಸರದಿ.

“ಹನಮವ್ವಗ ಜಾಗಾ ಕೊಡ್ತೀರೇನು?”

“ಅಯ್ಯ, ಮೊದಲನೇ ಹೆಸರ ಅಕೀದು ಬರೀತೇನ್ರಿ!”

ಮರುದಿನ ಸುಶೀಲವ್ವ ತಾನೇ ಮೂವತ್ತೊಂದು ಮಕ್ಕಳನ್ನು ಸಾಲು ಹಚ್ಚಿ, ಶಂಕ್ರಪ್ಪನ ಹತ್ತಿಯ ಗೋದಾಮಿಗೆ ಕರೆದುಕೊಂಡು ಹೋದಳು. ಸಾಹೇಬರು ಹದಿನೇಳರ ಮಗ್ಗಿ ಕೇಳಿದರು. ಮಕ್ಕಳೆಲ್ಲ ಜಂತಿ ಎಣಿಸತೊಡಗಿದರು. ಹನಮವ್ವ ಎದ್ದು ನಿಂತು, ನೀರು ಕುಡಿದಷ್ಟು ಸಲೀಸಾಗಿ ಹೇಳಿ ಮುಗಿಸಿದಳು. “ಭೇಷ್!” ಎಂದರು ಸಾಹೇಬರು. ಚಹಾ ಕುಡಿದು, ಸಹಿ ಹಾಕಿ ಹೋದರು. ಮಕ್ಕಳ ಜೊತೆ ಒಯ್ದಿದ್ದ ಜಮಖಾನೆ ಸಂಜೆಯೇ ಅಚ್ಚುಕಟ್ಟಾಗಿ ಮಡಚಿಕೊಂಡು ವಾಪಸು ಬಂತು.

ಜೂನಿನಲ್ಲಿ ಸಂಸ್ಥೆಯ ಶಾಲೆ ಶುರುವಾಯಿತು. ಐದನೆಯ ಇಯತ್ತೆಯಿಂದಲ್ಲ, ಒಂದರಿಂದಲೇ. ನೀಲಿ ಅಂಗಿ, ಬಿಳಿ ಬೂಟು. ಶಂಕ್ರಪ್ಪನ ಮೊಮ್ಮಕ್ಕಳು ಹೋದ ಮೇಲೆ ಊರಿಗೆ ಊರೇ ಹೆಂಗೋ ಹೊಂದಿಸಿಕೊಂಡು ಹಿಂದೆ ಹೋಯಿತು. ಸುಶೀಲವ್ವ ಗಂಟೆ ಬಾರಿಸಿ ಬಾಗಿಲಲ್ಲಿ ಕೂತೇ ಕೂತಳು. ತಾಸಿನ ಮೇಲೆ ಒಬ್ಬಳು ಬಂದಳು.

“ನೀ ಪಾಸಾಗಿಯಲ್ಲ ಬೇ ಹನಮವ್ವಾ? ಇಲ್ಲ್ಯಾಕ ಬಂದಿ?”

“ಅವ್ವನೂ ನಾನೂ ಆ ಸಾಲಿಗೆ ಹೋಗಿದ್ವಿರಿ. ಬೂಟ ಇಲ್ದ ಬರಬ್ಯಾಡಂದ್ರು.” ಹುಡುಗಿ ಬರಿಗಾಲನ್ನು ಒಂದರ ಮೇಲೊಂದು ಇಟ್ಟುಕೊಂಡಳು. “ಅವತ್ತ ಮಗ್ಗಿ ಹೇಳಿದಾಕಿ ನಾನರೀ ಅಂದ್ನಿ.”

“ಏನಂದ್ರು?”

“ಹೌದೌದು, ಚಲೋ ಹೇಳಿದ್ದಿ ಅಂದ್ರು.”

ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡಂತಾಗಿತ್ತು. ಗೋದಾಮಿಗೆ ಹೋಗಿ ಶಂಕ್ರಪ್ಪನ ಮಾನ ಹರಾಜು ಹಾಕಬೇಕೆನ್ನಿಸಿತು. ಆದರೆ ಮಕ್ಕಳನ್ನು ಸಾಲು ಹಚ್ಚಿ ಅಲ್ಲಿಗೆ ಒಯ್ದವಳು ತಾನೇ ಅಲ್ಲವೇ?

“ಹದಿನೆಂಟರದು ಬರತೈತೇನು?” ಎಂದಳು.

“ಬರತೈತ್ರಿ.”

ಹನಮವ್ವ ಮೂಲೆಯಲ್ಲಿದ್ದ ಜಮಖಾನೆಯನ್ನು ಎಳೆದು ತಂದಳು. ಎಂದಿನಂತೆ ಗೋಡೆಯಿಂದ ಗೋಡೆಯವರೆಗೆ ಹಾಸಿ, ಹಿಂದಿನ ಸಾಲಿನಲ್ಲಿದ್ದ ತನ್ನ ಜಾಗಕ್ಕೇ ಹೋಗಿ ಕುಳಿತಳು.